ಒಂದು ಬಾಟಲಿ ಒಡೆಯಿತು, ಇನ್ನೊಂದರಲ್ಲಿ ಗ್ಯಾಸೇ ಇಲ್ಲ!

ಪ್ರಶ್ನೆ: ಮೊದಲ ಸಲ ಮನೆಯಲ್ಲಿ ಜಿಂಜರ್ ಬಿಯರ್ ಮಾಡಿದೆ. ಶುಂಠಿ, ಸಕ್ಕರೆ, ನೀರು ಸೇರಿಸಿ ಆರು ದಿನ ಇಟ್ಟು ಹೆಪ್ಪು ಮಾಡಿಕೊಂಡೆ. ಗುಳ್ಳೆ ಚೆನ್ನಾಗೇ ಬಂದಿತ್ತು. ಶುಂಠಿ ನೀರು ಕುದಿಸಿ, ಆರಿಸಿ, ಹೆಪ್ಪು ಬೆರೆಸಿ, ಜ್ಯೂಸಿನ ಎರಡು ಖಾಲಿ ಗಾಜಿನ ಬಾಟಲಿಗೆ ತುಂಬಿ ಕಪಾಟಿನಲ್ಲಿಟ್ಟೆ. ಮೂರನೇ ದಿನ ಬೆಳಗಿನ ಜಾವ ಒಂದು ಢಮಾರ್ ಎಂದಿತು. ಇನ್ನೊಂದನ್ನು ಹೆದರಿ ಹೆದರಿ ತೆರೆದರೆ ಗ್ಯಾಸೇ ಇಲ್ಲ. ಎರಡೂ ಒಂದೇ ಪಾತ್ರೆಯಿಂದ ತುಂಬಿದ್ದು. ಹೀಗೇಕೆ? ಇದರಲ್ಲಿ ಆಲ್ಕೋಹಾಲ್ ಇರುತ್ತಾ? ಮಕ್ಕಳಿಗೆ ಕೊಡಬಹುದಾ?

ಉತ್ತರ: ಯಾರೂ ಹತ್ತಿರ ಇಲ್ಲದಾಗ ಒಡೆಯಿತಲ್ಲ, ಅದೇ ಪುಣ್ಯ. ಮೊದಲು ಆ ಕಪಾಟಿನಲ್ಲಿ ಮುಚ್ಚಳ ತೆಗೆದಿಟ್ಟ ಡಬ್ಬ ಏನಾದರೂ ಇದ್ದರೆ ಅದರಲ್ಲಿದ್ದದ್ದನ್ನು ಎಸೆದುಬಿಡಿ. ಗಾಜಿನ ಚೂರು ಎಲ್ಲೆಲ್ಲಿಗೆ ಹಾರಿರುತ್ತದೋ ಹೇಳಲಾಗದು. ನನ್ನದೂ ಶುರುವಿನಲ್ಲಿ ಇದೇ ಕಥೆ. ನನ್ನ ಬಾಟಲಿ ಒಡೆಯಲಿಲ್ಲ, ಮುಚ್ಚಳ ಹಾರಿತು. ಅಡುಗೆಮನೆಯ ಸೂರಿನಲ್ಲಿ ಆ ಕಲೆ ಇನ್ನೂ ಇದೆ.

ಈಗ ಗ್ಯಾಸ್ ಬಾರದ ಬಾಟಲಿ. ತುಂಬಿದ ದಿನ ರುಚಿ ನೋಡಿದ್ದಿರಿ ಅಲ್ವಾ? ಈಗ ಒಂದು ಚಮಚ ಬಾಯಿಗೆ ಹಾಕಿ. ಸಿಹಿ ಕಡಿಮೆಯಾಗಿ ಸ್ವಲ್ಪ ಹುಳಿ ತಿರುಗಿದ್ದರೆ ಒಳಗೆ ಹುದುಗು ಬಂದಿದೆ, ಗ್ಯಾಸೂ ಆಗಿದೆ, ಆದರೆ ಮುಚ್ಚಳದ ಸಂದಿನಿಂದ ಸೋರಿಹೋಗಿದೆ. ಜ್ಯೂಸಿನ ಬಾಟಲಿಯ ಹಳೆಯ ಮುಚ್ಚಳ ಎರಡನೇ ಸಲ ಬಿಗಿಯಾಗಿ ಕೂರುವುದು ಅಪರೂಪ. ಸಿಹಿ ಮೊದಲ ದಿನದಷ್ಟೇ ಇದ್ದರೆ ಆ ಬಾಟಲಿಗೆ ಯೀಸ್ಟ್ ಸರಿಯಾಗಿ ಹೋಗಿಲ್ಲ ಅಂತ ಅರ್ಥ. ಹೆಪ್ಪಿನ ಯೀಸ್ಟ್ ತಳದಲ್ಲಿ ಬೆಳ್ಳಗೆ ಮಡ್ಡಿಯಾಗಿ ಕೂರುತ್ತದೆ. ಕಲಕದೆ ಸುರಿದರೆ ಮೊದಲ ಬಾಟಲಿಗೆ ತಿಳಿ, ಕೊನೆಯದಕ್ಕೆ ಯೀಸ್ಟೆಲ್ಲಾ. ಕೊನೆಯಲ್ಲಿ ತುಂಬಿದ್ದೇ ಒಡೆದಿರಬೇಕು ಅಂತ ನನ್ನ ಅಂದಾಜು. ಮುಂದಿನ ಸಲ ಪ್ರತಿ ಬಾಟಲಿ ತುಂಬುವ ಮುಂಚೆ ಪಾತ್ರೆಯನ್ನು ಒಮ್ಮೆ ಕಲಕಿ.

ಒಡೆಯುವುದಕ್ಕೆ ಕಾರಣ ಸಕ್ಕರೆಯ ಲೆಕ್ಕದಲ್ಲಿದೆ. ಯೀಸ್ಟ್ ತಿಂದ ಸಕ್ಕರೆಯಲ್ಲಿ ಹೆಚ್ಚು ಕಡಿಮೆ ಅರ್ಧ ಭಾಗ ಇಂಗಾಲದ ಡೈಆಕ್ಸೈಡ್ ಆಗುತ್ತದೆ, ಅರ್ಧ ಆಲ್ಕೋಹಾಲ್. ಸೋಡಾದಷ್ಟು ಗ್ಯಾಸ್ ಬರಬೇಕೆಂದರೆ ಲೀಟರಿಗೆ ಸುಮಾರು 15 ಗ್ರಾಂ ಸಕ್ಕರೆ ಸಾಕು. ನಾವು ಹಾಕುವುದು 75 ಗ್ರಾಂ, ಏಕೆಂದರೆ ಕುಡಿಯುವಾಗ ಸಿಹಿ ಬೇಕಲ್ಲ. ಉಳಿದ 60 ಗ್ರಾಂ ನಮ್ಮ ನಾಲಿಗೆಗೆ ಅಂತ ನಾವು ಅಂದುಕೊಂಡಿರುತ್ತೇವೆ. ಯೀಸ್ಟಿಗೆ ಅದು ಗೊತ್ತಿಲ್ಲ, ತಿನ್ನುತ್ತಲೇ ಇರುತ್ತದೆ. ಅದನ್ನು ಹೊತ್ತಿಗೆ ಸರಿಯಾಗಿ ತಡೆಯುವುದೇ ಇದರಲ್ಲಿರುವ ಕೆಲಸವೆಲ್ಲ. ಜ್ಯೂಸಿನ ಗಾಜು ಇಷ್ಟು ಒತ್ತಡ ತಡೆಯುವುದಿಲ್ಲ, ಅದರಲ್ಲೂ ಚೌಕಾಕಾರದ್ದಂತೂ ಮೂಲೆಯಲ್ಲೇ ಸೀಳುತ್ತದೆ.

ಅದಕ್ಕೇ ಮೊದಲ ನಾಲ್ಕೈದು ಸಲ ಗಾಜು ಬೇಡವೇ ಬೇಡ. ಸೋಡಾ ಅಥವಾ ಕೋಲಾ ಬಂದಿದ್ದ ಪ್ಲಾಸ್ಟಿಕ್ ಬಾಟಲಿ ತೊಳೆದು ಇಟ್ಟುಕೊಳ್ಳಿ. ಅದು ಗ್ಯಾಸಿಗೆಂದೇ ಮಾಡಿದ್ದು. ಬರೀ ನೀರಿನ ಬಾಟಲಿ ಆಗದು. ಮೇಲೆ ಮೂರು ಬೆರಳು ಜಾಗ ಬಿಟ್ಟು ತುಂಬಿ, ಮುಚ್ಚಳ ಬಿಗಿಮಾಡಿ, ಹೆಬ್ಬೆರಳಿನಿಂದ ಹೊಟ್ಟೆ ಅದುಮಿ ನೋಡಿ. ಸುಲಭವಾಗಿ ಒಳಗೆ ಹೋಗುತ್ತದೆ. ಇದನ್ನು ನೆನಪಿಡಿ. ಬೆಳಿಗ್ಗೆ, ಸಂಜೆ ಹೀಗೇ ಅದುಮುತ್ತಿರಿ. ಅಂಗಡಿಯಿಂದ ಈಗಷ್ಟೇ ತಂದ ಸೋಡಾದ ಹಾಗೆ ಕಲ್ಲಾಗಿದ್ದರೆ ಆಯಿತು, ಆ ಕ್ಷಣವೇ ಫ್ರಿಜ್ಜಿಗೆ. ಬಿಸಿಲುಗಾಲದಲ್ಲಿ ಒಂದೇ ದಿನಕ್ಕೆ ಆಗಬಹುದು, ಚಳಿಯಲ್ಲಿ ನಾಲ್ಕೈದು ದಿನ ಹಿಡಿಯಬಹುದು. ‘ಮೂರು ದಿನ ಇಡಿ’ ಅನ್ನುವ ಪಾಕವಿಧಾನವನ್ನು ನಂಬಬೇಡಿ.

ಫ್ರಿಜ್ಜಿನಲ್ಲಿ ಯೀಸ್ಟ್ ಸಾಯುವುದಿಲ್ಲ, ತೂಕಡಿಸುತ್ತದೆ ಅಷ್ಟೆ. ಎರಡು ದಿನಕ್ಕೊಮ್ಮೆ ಮುಚ್ಚಳ ಸ್ವಲ್ಪವೇ ಸಡಿಲಿಸಿ ಬುಸ್ ಅನ್ನಿಸಿ, ಮತ್ತೆ ಬಿಗಿ ಮಾಡಿ. ಒಂದು ವಾರದೊಳಗೆ ಕುಡಿದು ಮುಗಿಸಿ. ತೆರೆಯುವ ಹಿಂದಿನ ರಾತ್ರಿಯಿಡೀ ತಣ್ಣಗಿರಲಿ. ತಂಪಾದಷ್ಟೂ ಗ್ಯಾಸ್ ನೀರಿನಲ್ಲೇ ಕರಗಿ ನಿಲ್ಲುತ್ತದೆ, ಇಲ್ಲದಿದ್ದರೆ ಅರ್ಧ ಬಾಟಲಿ ನೊರೆಯಾಗಿ ಸಿಂಕಿಗೆ ಹೋಗುತ್ತದೆ.

ಅಳತೆ ಬೇಕಿದ್ದರೆ, ನಾನು ಎರಡು ಲೀಟರ್ ನೀರಿಗೆ 100 ಗ್ರಾಂ ತುರಿದ ಶುಂಠಿ, 150 ಗ್ರಾಂ ಸಕ್ಕರೆ ಹಾಕಿ ಕಾಲು ಗಂಟೆ ಕುದಿಸುತ್ತೇನೆ. ಸೋಸಿ, ಆರಿದ ಮೇಲೆ ಎರಡು ನಿಂಬೆಹಣ್ಣಿನ ರಸ, ಅರ್ಧ ಕಪ್ ಸೋಸಿದ ಹೆಪ್ಪು. ಪಾತ್ರೆ ಮುಟ್ಟಿದರೆ ಬಿಸಿ ತಾಗಲೇಬಾರದು. ಬಿಸಿ ನೀರಿಗೆ ಹೆಪ್ಪು ಹಾಕಿದರೆ ಯೀಸ್ಟ್ ಅಲ್ಲೇ ಸಾಯುತ್ತದೆ. ಸಕ್ಕರೆ ಬದಲು ಶುಗರ್ ಫ್ರೀ ಗುಳಿಗೆ ಹಾಕಲು ಹೋಗಬೇಡಿ, ಯೀಸ್ಟಿಗೆ ಅದು ಊಟವಲ್ಲ.

ಆಲ್ಕೋಹಾಲ್ ಇರುತ್ತದೆ. ಬಾಟಲಿ ಗಟ್ಟಿಯಾದ ಕೂಡಲೇ ಫ್ರಿಜ್ಜಿಗೆ ಇಟ್ಟರೆ ಶೇ. 1ರ ಆಸುಪಾಸು. ಸಕ್ಕರೆಯೆಲ್ಲಾ ತಿನ್ನಲು ಬಿಟ್ಟರೆ ಶೇ. 4 ದಾಟಬಹುದು. ಮನೆಯಲ್ಲಿ ಇದನ್ನು ಕರಾರುವಾಕ್ಕಾಗಿ ಅಳೆಯುವುದು ಕಷ್ಟ. ಹಾಗಾಗಿ ಮಕ್ಕಳಿಗೆ, ಗರ್ಭಿಣಿಯರಿಗೆ, ಆಲ್ಕೋಹಾಲ್ ಮುಟ್ಟದವರಿಗೆ ನಾನಂತೂ ಕೊಡುವುದಿಲ್ಲ. ಅವರಿಗೆ ಅದೇ ಶುಂಠಿ ನೀರಿಗೆ ಹೆಪ್ಪಿಲ್ಲದೆ, ತಣ್ಣನೆಯ ಸೋಡಾ ಬೆರೆಸಿ ಕೊಡಿ.

ಪ್ರಶ್ನೆ: ನನ್ನ ಹೆಪ್ಪಿಗೆ ಹತ್ತು ದಿನವಾದರೂ ಒಂದು ಗುಳ್ಳೆ ಇಲ್ಲ. ಬ್ರೆಡ್ಡಿಗೆ ಹಾಕುವ ಯೀಸ್ಟ್ ಹಾಕಿಬಿಡಲಾ?

ಉತ್ತರ: ಹಾಕಬಹುದು. ಎರಡು ಲೀಟರಿಗೆ ಒಂದು ಚಿಟಿಕೆ ಸಾಕು. ಬೇಗ ಗ್ಯಾಸ್ ಬರುತ್ತದೆ, ಆದರೆ ಬ್ರೆಡ್ಡಿನ ವಾಸನೆಯೂ ಬರುತ್ತದೆ. ಹೆಪ್ಪಿನ ಹುಳಿರುಚಿ ಸಿಗುವುದಿಲ್ಲ. ಅದು ಯೀಸ್ಟಿನ ಜೊತೆಗಿರುವ ಬ್ಯಾಕ್ಟೀರಿಯಾದ್ದು. ಇಂಗ್ಲೆಂಡಿನ ಮನೆಗಳಲ್ಲಿ ಕೈಯಿಂದ ಕೈಗೆ ಬರುತ್ತಿದ್ದ ‘ಜಿಂಜರ್ ಬಿಯರ್ ಗಿಡ’ ಅನ್ನುವ ಹೆಪ್ಪು ಗಿಡವೇ ಅಲ್ಲ, ಯೀಸ್ಟೂ ಬ್ಯಾಕ್ಟೀರಿಯಾವೂ ಕೂಡಿ ಬಾಳುವ ಗಂಟು ಅಂತ ಸಸ್ಯವಿಜ್ಞಾನಿ ಹ್ಯಾರಿ ಮಾರ್ಷಲ್ ವಾರ್ಡ್ 1892ರಲ್ಲೇ ತೋರಿಸಿದ್ದರು.

ಹೆಪ್ಪು ಏಳದಿದ್ದರೆ ಎರಡು ಅನುಮಾನ. ಒಂದು, ಶುಂಠಿಯ ಸಿಪ್ಪೆ ತೆಗೆದಿದ್ದೀರಾ? ಯೀಸ್ಟ್ ಇರುವುದೇ ಸಿಪ್ಪೆಯಲ್ಲಿ. ಮಣ್ಣು ಹೋಗುವಷ್ಟು ತೊಳೆದು ಸಿಪ್ಪೆ ಸಮೇತ ತುರಿಯಿರಿ. ಇನ್ನೊಂದು, ನಲ್ಲಿ ನೀರಿನ ಕ್ಲೋರಿನ್. ಕುದಿಸಿ ಆರಿಸಿದ ನೀರು ಬಳಸಿ. ಎರಡೂ ಸರಿಯಿದ್ದರೆ ಬೇರೆ ಕಡೆಯಿಂದ ಶುಂಠಿ ತನ್ನಿ. ಮೊಳಕೆ ಬರದಿರಲಿ ಅಂತ ವಿಕಿರಣ ಹಾಯಿಸಿದ ಶುಂಠಿಯಲ್ಲಿ ಯೀಸ್ಟ್ ಕಡಿಮೆಯಾಗಿರಬಹುದು. ಎರಡು ಕಪ್ ನೀರಿಗೆ ದಿನಕ್ಕೊಂದು ಚಮಚ ಶುಂಠಿ, ಒಂದು ಚಮಚ ಸಕ್ಕರೆ ಹಾಕಿ, ಬಟ್ಟೆ ಕಟ್ಟಿ ಬೆಚ್ಚಗಿನ ಜಾಗದಲ್ಲಿಡಿ. ಕಲಕಿದಾಗ ಕಿವಿ ಹತ್ತಿರ ತಂದರೆ ಸುಯ್ ಅಂತ ಸದ್ದು ಕೇಳಬೇಕು. ಮೇಲೆ ಹಸಿರೋ ಕಪ್ಪೋ ಬೂಷ್ಟು ಕಂಡರೆ ಮಾತ್ರ ಅದನ್ನಷ್ಟೇ ತೆಗೆದು ಉಳಿಸಿಕೊಳ್ಳಲು ನೋಡಬೇಡಿ, ಪೂರ್ತಿ ಚೆಲ್ಲಿ ಹೊಸದಾಗಿ ಶುರುಮಾಡಿ.