ನಿಮ್ಮ ವಜ್ರಕೇತು ಸಾಯುವುದೇ ಇಲ್ಲ

ನಮಸ್ಕಾರ,

ನೀವು ಕಳಿಸಿದ ಸಾಹಸದ ಕಥೆಯನ್ನು ಎರಡು ಸಲ ಓದಿದೆ. ಮೇಜಿನ ಸುತ್ತ ಕೂತು, ಪಾತ್ರ ವಹಿಸಿ, ದಾಳ ಉರುಳಿಸಿ ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ 2014ರ ನಿಯಮಗಳಿಗೆ, ಎಂಟನೇ ಲೆವೆಲ್‌ನ ನಾಲ್ವರು ಆಡಲೆಂದು ಬರೆದಿದ್ದೀರಿ. ನೇರವಾಗಿ ಹೇಳುತ್ತೇನೆ, ಈಗ ಇರುವ ಹಾಗೆ ಇದನ್ನು ಪ್ರಕಟಿಸಲು ಆಗುವುದಿಲ್ಲ. ತೊಂದರೆ ಇರುವುದು ನಿಮ್ಮ ವಿಲನ್ ವಜ್ರಕೇತುವಿನಲ್ಲಿ.

ಅವನಿಗೆ ಆರ್ಮರ್ ಕ್ಲಾಸ್ (ಏಟು ತಾಗಲು ಮುಟ್ಟಬೇಕಾದ ಸಂಖ್ಯೆ) 27, ಹಿಟ್ ಪಾಯಿಂಟ್ (ಪ್ರಾಣಬಲ) 600 ಕೊಟ್ಟಿದ್ದೀರಿ. ಅದೇ ನಿಯಮಗಳಲ್ಲಿ ಪುರಾತನ ಕೆಂಪು ಡ್ರ್ಯಾಗನ್‌ಗೆ ಇರುವುದೇ 22 ಮತ್ತು 546! ಎಂಟನೇ ಲೆವೆಲ್‌ನ ಫೈಟರ್, ಅಂದರೆ ಯೋಧ, ಕತ್ತಿ ಬೀಸಿದಾಗ, ಮಂತ್ರದ ಆಯುಧ ಇಲ್ಲದಿದ್ದರೆ, ಇಪ್ಪತ್ತು ಮುಖದ ದಾಳಕ್ಕೆ ಸುಮಾರು 8 ಸೇರುತ್ತದೆ. ಅಂದರೆ 19 ಅಥವಾ 20 ಬೀಳಲೇಬೇಕು. ಹತ್ತು ಏಟಿನಲ್ಲಿ ಒಂಬತ್ತು ಗಾಳಿಗೆ. ಒಂದು ಸುತ್ತಿನಲ್ಲಿ ಎರಡು ಏಟು, ತಾಗಿದ ಏಟಿಗೆ ಸರಾಸರಿ 12. ಲೆಕ್ಕ ಹಾಕಿದರೆ ಒಂದು ಸುತ್ತಿಗೆ ಮೂರು ಪಾಯಿಂಟ್ ಇಳಿಸಿದರೆ ಅವನ ಪುಣ್ಯ. ನಾಲ್ವರೂ ಹೀಗೇ ಹೊಡೆದರೆ 50 ಸುತ್ತು. ಹತ್ತನೇ ಸುತ್ತಿಗೆ ಭಯ ಹೋಗಿ ಆಕಳಿಕೆ ಬಂದಿರುತ್ತದೆ, ಅಲ್ವಾ?

ತಮಾಷೆ ಏನೆಂದರೆ, ಇಷ್ಟೆಲ್ಲ ಇದ್ದೂ ಅವನು ದುರ್ಬಲ. ಮನುಷ್ಯ, ಒಂಟಿ. ಅವನ ಒಂದು ಸರದಿಗೆ ಎದುರಾಳಿಗಳದ್ದು ನಾಲ್ಕು. ಯಾರಾದರೂ ಹೋಲ್ಡ್ ಪರ್ಸನ್ ಮಂತ್ರ ಹಾಕಿ, ಅದನ್ನು ತಡೆಯುವ ಅವನ ದಾಳ ಒಮ್ಮೆ ಕೈಕೊಟ್ಟರೆ ಸಾಕು, ಮಹಾರಾಜರು ಕಂಬದ ಹಾಗೆ ನಿಂತಿರುತ್ತಾರೆ. ಅದಕ್ಕೇ ಈ ಆಟದಲ್ಲಿ ದೊಡ್ಡ ವಿಲನ್‌ಗಳಿಗೆ ಲೆಜೆಂಡರಿ ಆಕ್ಷನ್ ಇರುವುದು. ಬೇರೆಯವರ ಸರದಿ ಮುಗಿದ ಕೂಡಲೇ ಇವರೂ ಏನಾದರೂ ಮಾಡಬಹುದು. ಸಾಮಾನ್ಯವಾಗಿ ಒಂದು ಸುತ್ತಿನಲ್ಲಿ ಮೂರು. ಲೆಜೆಂಡರಿ ರೆಸಿಸ್ಟೆನ್ಸ್ ಇದ್ದರೆ, ದಿನಕ್ಕೆ ಮೂರು ಸಲ, ಹಾಗೆ ತಡೆಯಲು ಹಾಕಿ ಸೋತ ದಾಳವನ್ನೂ ಗೆದ್ದಿದ್ದೆಂದು ಮಾಡಿಕೊಳ್ಳಬಹುದು. ಇವೆರಡೂ ನಿಮ್ಮ ಕರಡಿನಲ್ಲಿ ಇಲ್ಲ. ಇವನ್ನು ಸೇರಿಸಿ, ಆರ್ಮರ್ ಕ್ಲಾಸನ್ನು 18ಕ್ಕೆ ಇಳಿಸಿ. ಆಗ ಅದೇ ಫೈಟರ್‌ಗೆ 10 ಬಿದ್ದರೂ ಏಟು ತಾಗುತ್ತದೆ. ಹಿಟ್ ಪಾಯಿಂಟ್ 200ರ ಆಸುಪಾಸು ಸಾಕು ಅಂತ ನನ್ನ ಅಂದಾಜು. ಆಡಿಸಿ ನೋಡಿ.

ಕಡಿಮೆಯಾಯಿತು ಅನಿಸಿದರೆ ಲಿಚ್ ಅನ್ನು, ಅಂದರೆ ಸತ್ತೂ ಸಾಯದ ಮಾಂತ್ರಿಕನನ್ನು, ನೆನಪಿಸಿಕೊಳ್ಳಿ. 2014ರ ಪುಸ್ತಕದಲ್ಲಿ ಅದಕ್ಕೆ ಬರೀ 135 ಹಿಟ್ ಪಾಯಿಂಟ್, ಆದರೂ ಚಾಲೆಂಜ್ ರೇಟಿಂಗ್ (ಎದುರಾಳಿ ಎಷ್ಟು ಕಠಿಣ ಅನ್ನುವ ಅಂಕ) 21. ಹೆದರಿಸುವುದು ಅದರ ಮಂತ್ರಗಳು. ಜೊತೆಗೆ, ಪ್ರಾಣ ಬಚ್ಚಿಟ್ಟ ಪೆಟ್ಟಿಗೆ ಸಿಗುವ ತನಕ ಕೊಂದರೂ ಮತ್ತೆ ಎದ್ದು ಬರುತ್ತದೆ.

ನಿಮ್ಮ ಕರಡಿನಲ್ಲಿ ನಾನು ನಿಜವಾಗಿ ಬೆಚ್ಚಿದ್ದು ಏಳನೇ ಪುಟದಲ್ಲಿ, ಒಂದೇ ಒಂದು ಸಾಲಿಗೆ. ನಾಯಕರ ಗಾಯಕ್ಕೆ ಮದ್ದು ಹಾಕಿದ ವೈದ್ಯೆಯನ್ನು ವಜ್ರಕೇತು ಕರೆಸುತ್ತಾನೆ. ಅವಳಿಗೆ ಏನೂ ಮಾಡುವುದಿಲ್ಲ. ಯಾರಿಗೆ ಎಲ್ಲಿ ಗಾಯ ಅಂತ ಕೇಳಿ, ಹಣ ಕೊಟ್ಟು ಕಳಿಸುತ್ತಾನೆ. ಅಬ್ಬಾ! ಇಂಥದ್ದನ್ನು ಬರೆದವರು ಮುಂದಿನ ಪುಟದಲ್ಲೇ ಅದನ್ನು ಮರೆತು, ಅವನ ಕತ್ತಿಯ ವರ್ಣನೆಗೆ ಒಂದೂವರೆ ಪುಟ ಕೊಟ್ಟಿದ್ದೀರಿ! ಕೊನೆಯ ಕಾಳಗದಲ್ಲಿ ಅವನು ಮೊದಲ ಏಟನ್ನೇ ಫೈಟರ್‌ನ ಆ ಹಳೇ ಗಾಯದ ಭುಜಕ್ಕೆ ಹಾಕಲಿ. ಮೇಜಿನ ಸುತ್ತ ಕೂತವರಿಗೆ ಆ ಕ್ಷಣವೇ ವೈದ್ಯೆ ನೆನಪಾಗುತ್ತಾಳೆ.

ಅವನ ವಂಶದ ಇತಿಹಾಸ ಸುಮ್ನೆ ಜಾಸ್ತಿಯಾಗಿದೆ, ತೆಗೆಯಿರಿ. ಕತ್ತಿಯದ್ದು ನಾಲ್ಕು ಸಾಲು ಇರಲಿ. ತಿದ್ದಿ ಕಳಿಸಿದರೆ ಖಂಡಿತ ಮತ್ತೆ ಓದುತ್ತೇನೆ. ಹಾಂ, ಆ ವೈದ್ಯೆಗೆ ಒಂದು ಹೆಸರು, ಇರಲು ಒಂದು ಮನೆ ಕೊಡಿ. ಆಟಗಾರರು ಅವಳನ್ನು ಹುಡುಕಿಕೊಂಡು ಹೋಗದೆ ಇರುವುದಿಲ್ಲ.