ರಾತ್ರಿ ಜನರೇಟರ್ ಏಳದಿದ್ದರೆ ಫೋನಿಗೆ ಸುದ್ದಿ

ಪ್ರಶ್ನೆ: ನಮ್ಮ ಹಾಲು ಸಂಘದಲ್ಲಿ ಬಿಎಂಸಿ (ಹಾಲನ್ನು ತಂಪಾಗಿಡುವ ಬಲ್ಕ್ ಮಿಲ್ಕ್ ಕೂಲರ್) ಟ್ಯಾಂಕಿದೆ. ಕರೆಂಟು ಹೋದರೆ ಜನರೇಟರ್ ತಾನಾಗಿ ಚಾಲೂ ಆಗಬೇಕು. ಎರಡು ಸಲ ಆಗಲಿಲ್ಲ, ಬೆಳಿಗ್ಗೆ ಬೀಗ ತೆಗೆದಾಗಲೇ ಗೊತ್ತಾಗಿದ್ದು. ಫೋನಿಗೆ ಎಚ್ಚರಿಕೆ ಕಳಿಸುವ ಜಿಎಸ್‌ಎಂ ಅಲಾರಂ ತರುತ್ತಿದ್ದೇವೆ. ಅದಕ್ಕೆ ಏನೇನು ಜೋಡಿಸಬೇಕು?
– ಸಂಘದ ಕಾರ್ಯದರ್ಶಿ, ಹಾಸನ ಜಿಲ್ಲೆ

ಉತ್ತರ: ಕರೆಂಟು ಹೋದಾಗಲೆಲ್ಲ ಫೋನು ಬಡಿದುಕೊಂಡರೆ ನಾಲ್ಕು ದಿನದಲ್ಲಿ ಅದನ್ನು ಯಾರೂ ಎತ್ತುವುದಿಲ್ಲ. ನಿಮಗೆ ಬೇಕಾದ ಸುದ್ದಿ ‘ಕರೆಂಟೂ ಇಲ್ಲ, ಜನರೇಟರೂ ಎದ್ದಿಲ್ಲ’ ಎಂಬುದು. ಹಾಗಾಗಿ ವೋಲ್ಟೇಜು ನೋಡಿ ತಾನೇ ಆನ್-ಆಫ್ ಆಗುವ ಸ್ವಿಚ್ಚನ್ನು, ಅಂದರೆ ರಿಲೇಯನ್ನು, ಮೀಟರ್ ಬದಿಗೆ ಹಾಕಬೇಡಿ. ಚೇಂಜ್‌ಓವರ್ (ಲೈನನ್ನು ಕರೆಂಟಿನಿಂದ ಜನರೇಟರಿಗೆ ಬದಲಿಸುವ ಸ್ವಿಚ್) ದಾಟಿ ಬಿಎಂಸಿ ಪ್ಯಾನೆಲ್‌ಗೆ ಹೋಗುವ ಲೈನಿಗೆ ಹಾಕಿ, ಎರಡು ನಿಮಿಷ ತಡೆದು ಅಲಾರಂ ಕೊಡುವಂತೆ ಟೈಮರ್ ಇಡಿ. ಅಷ್ಟರಲ್ಲಿ ಜನರೇಟರ್ ಲೋಡ್ ಹಿಡಿದಿದ್ದರೆ ನಿಮ್ಮ ನಿದ್ದೆ ನಿಮ್ಮದು.

ರಿಲೇ ಮೂರೂ ಫೇಸ್ ನೋಡುವಂಥದ್ದೇ ಆಗಬೇಕು. ಒಂದೇ ಫೇಸಿಗೆ 230 ವೋಲ್ಟಿನ ಅಗ್ಗದ ರಿಲೇ ಹಾಕಿದರೆ ಉಳಿದೆರಡರಲ್ಲಿ ಒಂದು ಹೋದರೂ ಅದಕ್ಕೆ ತಿಳಿಯದು; ಅತ್ತ ಕಂಪ್ರೆಸರ್ ಟ್ರಿಪ್ ಆಗಿ ಕೂತಿರುತ್ತದೆ.

ಇನ್ನು ಅಲಾರಂಗೆ ಕೊಡುವ ಕಾಂಟ್ಯಾಕ್ಟ್. ವೋಲ್ಟೇಜು ಸರಿಯಿದ್ದಾಗ ಕೂಡಿಕೊಂಡಿದ್ದು, ಹೋದಾಗ ಬಿಟ್ಟುಕೊಳ್ಳುವಂಥದ್ದನ್ನು ಆರಿಸಿ. ಆಗ ಇಲಿ ವೈರು ಕಡಿದರೂ ಸುದ್ದಿ ಬರುತ್ತದೆ. ರಿಲೇ ಮೇಲೆ ಇದಕ್ಕೆ ‘ಎನ್‌ಓ’ (ನಾರ್ಮಲಿ ಓಪನ್, ಸಾಮಾನ್ಯವಾಗಿ ಬಿಟ್ಟುಕೊಂಡಿರುವುದು) ಎಂದೇ ಬರೆದಿರುತ್ತದೆ, ಏಕೆಂದರೆ ಆ ಗುರುತು ಹೇಳುವುದು ರಿಲೇಗೆ ಕರೆಂಟಿಲ್ಲದಾಗಿನ ಸ್ಥಿತಿಯನ್ನು. ಹೆಸರು ನೋಡಿ ‘ಎನ್‌ಸಿ’ಗೆ (ನಾರ್ಮಲಿ ಕ್ಲೋಸ್ಡ್, ಸಾಮಾನ್ಯವಾಗಿ ಕೂಡಿಕೊಂಡಿರುವುದು) ಬಿಗಿದುಬಿಡುವ ವೈರ್‌ಮನ್‌ಗಳು ಬೇಕಾದಷ್ಟಿದ್ದಾರೆ, ಪಕ್ಕದಲ್ಲಿ ನಿಂತು ನೋಡಿ. ಅಲಾರಂನ ಇನ್‌ಪುಟ್‌ಗೆ 230 ವೋಲ್ಟ್ ತಾಗಿತೋ, ಪೆಟ್ಟಿಗೆ ಸುಟ್ಟಂತೆ.

ಜನರೇಟರ್ ಏಳದಿರುವುದಕ್ಕೆ ಹೆಚ್ಚಾಗಿ ಡೀಸೆಲ್ ಕಾರಣವಲ್ಲ, ಸ್ಟಾರ್ಟರ್ ಬ್ಯಾಟರಿ. ಚಾರ್ಜರ್ ಕೆಲಸ ಮಾಡುತ್ತಿದ್ದರೆ 12 ವೋಲ್ಟಿನ ಬ್ಯಾಟರಿ 13ಕ್ಕಿಂತ ಮೇಲೇ ಇರುತ್ತದೆ. 12.4ಕ್ಕಿಂತ ಕೆಳಗೆ ಐದು ನಿಮಿಷ ನಿಂತರೆ ಎರಡನೇ ಅಲಾರಂ ಬರಲಿ. ಚಾರ್ಜರ್ ಕೆಟ್ಟದ್ದು ರಾತ್ರಿಯ ಬದಲು ಹಗಲಿನಲ್ಲೇ ಗೊತ್ತಾಗುತ್ತದೆ. ಐದು ನಿಮಿಷ ಏಕೆಂದರೆ ಸೆಲ್ಫ್ ಹೊಡೆಯುವಾಗ ಬ್ಯಾಟರಿ 10ರ ಆಸುಪಾಸಿಗೆ ಕುಸಿದು ಮೇಲೇಳುವುದು ಸಹಜ. ಸರ್ವಿಸ್‌ಗೆ ಬಂದವರು ಸ್ವಿಚ್ಚನ್ನು ‘ಆಟೋ’ಗೆ ತಿರುಗಿಸದೆ ಹೋಗುವುದೂ ಉಂಟು. ಪ್ಯಾನೆಲ್‌ನಲ್ಲಿ ‘ಆಟೋದಲ್ಲಿಲ್ಲ’ ಎಂಬ ಔಟ್‌ಪುಟ್ ಇದ್ದರೆ ಅದನ್ನೂ ಸೇರಿಸಿ.

ಅಲಾರಂ ಪೆಟ್ಟಿಗೆಗೆ ಅದರದೇ 12 ವೋಲ್ಟ್, 7 ಎಎಚ್ ಬ್ಯಾಟರಿ ಇರಲಿ. 100 ಮಿಲಿಆಂಪಿಯರ್ ಎಳೆದರೂ ಎರಡು ದಿನ ತಡೆಯುತ್ತದೆ. ಜನರೇಟರ್ ಬ್ಯಾಟರಿಯಿಂದಲೇ ಎಳೆದುಕೊಂಡರೆ ಅದು ಸತ್ತ ದಿನ ಅಲಾರಂ ಕೂಡ ಸಾಯುತ್ತದೆ.

ಪ್ರಶ್ನೆ: ಅಂಗಡಿಯ ಯುಪಿಎಸ್‌ಗೆ ಇಂಥದ್ದೇ ಅಲಾರಂ ಹಾಕಿದ್ದೇವೆ. ಜಿಯೋ ಸಿಮ್ ಹಾಕಿದರೆ ನೆಟ್‌ವರ್ಕೇ ಹಿಡಿಯುತ್ತಿಲ್ಲ.
– ಓದುಗರು, ತುಮಕೂರು

ಉತ್ತರ: ನಿಮ್ಮದು 2ಜಿ ಪೆಟ್ಟಿಗೆ ಇರಬೇಕು. ಜಿಯೋಗೆ 2ಜಿ ಇಲ್ಲ. ಊರಿನಲ್ಲಿ 2ಜಿ ಸಿಗುವ ಬೇರೆ ಕಂಪನಿಯ ಸಿಮ್ ಹಾಕಿ, ಇಲ್ಲವೇ 4ಜಿ ಪೆಟ್ಟಿಗೆ ಕೊಳ್ಳಿ. ರೀಚಾರ್ಜ್ ವ್ಯಾಲಿಡಿಟಿ ಮುಗಿದರೆ ಅಲಾರಂ ಮೂಕ, ಅದನ್ನು ಅದೇ ಬಂದು ಹೇಳುವುದಿಲ್ಲ. ಆದ್ದರಿಂದ ಪ್ರತಿದಿನ ಬೆಳಿಗ್ಗೆ ‘ಸರಿಯಿದ್ದೇನೆ’ ಎಂಬ ಮೆಸೇಜು ಬರುವಂತೆ ಸೆಟ್ ಮಾಡಿ. ಬಾರದ ದಿನ ಹೋಗಿ ನೋಡಿ.