ಕರುಳನ್ನು ಕಾಯುವ ಪ್ರೋಟೀನನ್ನೇ ಕೊಲೈಟಿಸ್‌ಗೆ ಔಷಧಿಯಾಗಿ ಯಾಕೆ ಕೊಡುವುದಿಲ್ಲ?

ನಿಮ್ಮ ತಂಗಿಗೆ ಅಲ್ಸರೇಟಿವ್ ಕೊಲೈಟಿಸ್ (ದೊಡ್ಡ ಕರುಳಿನ ಒಳಪದರದಲ್ಲಿ ಉರಿಯೂತ, ಹುಣ್ಣು ಆಗುವ ಕಾಯಿಲೆ) ಇದೆ, ಕರುಳಿನಲ್ಲೇ ಇರುವ ಕೆಲವು ಪ್ರೋಟೀನ್‌ಗಳು ಉರಿಯೂತ ಇಳಿಸಿ ಹುಣ್ಣು ಮಾಯಿಸುತ್ತವೆ ಅಂತ ಓದಿದ್ದೀರಿ, ಹಾಗಿದ್ದರೆ ಅದನ್ನೇ ಔಷಧಿ ಮಾಡಿ ಕೊಡಬಹುದಲ್ವಾ ಅಂತ ಕೇಳಿದ್ದೀರಿ. ಕೊಟ್ಟು ನೋಡಿದ್ದಾರೆ. ಅಂದುಕೊಂಡಂತೆ ಕೆಲಸ ಮಾಡಲಿಲ್ಲ.

ನಾನು ಡಾಕ್ಟರ್ ಅಲ್ಲ. ಪ್ಯಾಥಾಲಜಿ ಲ್ಯಾಬಿನಲ್ಲಿ ಬಯಾಪ್ಸಿ ತುಣುಕುಗಳನ್ನು ಸ್ಲೈಡ್ ಮಾಡುವುದು ನನ್ನ ಕೆಲಸ. ಹಾಗಾಗಿ ಸ್ಲೈಡಿನಲ್ಲಿ ಕಾಣುವುದನ್ನೇ ಮೊದಲು ಹೇಳುತ್ತೇನೆ.

ಆರೋಗ್ಯವಾಗಿರುವ ದೊಡ್ಡ ಕರುಳಿನ ತುಣುಕಿಗೆ ಆಲ್ಸಿಯನ್ ಬ್ಲೂ ಅನ್ನುವ ಬಣ್ಣ ಹಾಕಿದರೆ, ಸಾಲಾಗಿ ನಿಂತ ಕಿರಿದಾದ ಕುಳಿಗಳು ಕಾಣುತ್ತವೆ. ಒಂದೊಂದು ಕುಳಿಯ ಗೋಡೆಯಲ್ಲೂ ದಪ್ಪ ದಪ್ಪ ನೀಲಿ ಗುಳ್ಳೆಗಳು. ಅವು ಗಾಬ್ಲೆಟ್ ಕೋಶಗಳು, ಒಳಗಿರುವ ನೀಲಿ ಎಲ್ಲಾ ಲೋಳೆ. ಕಾಯಿಲೆ ಜೋರಾಗಿರುವ ಕೊಲೈಟಿಸ್ ತುಣುಕಿನಲ್ಲಿ ಈ ನೀಲಿ ಅಲ್ಲೊಂದು ಇಲ್ಲೊಂದು ಚುಕ್ಕೆಗೆ ಇಳಿದಿರುತ್ತದೆ. ಕುಳಿಗಳು ಡೊಂಕಾಗಿರುತ್ತವೆ, ಕೆಲವಂತೂ ಬಿಳಿ ರಕ್ತಕಣಗಳಿಂದ ತುಂಬಿ ಕೀವುಗಟ್ಟಿರುತ್ತವೆ.

ಆ ಲೋಳೆಯ ಮುಖ್ಯ ಪ್ರೋಟೀನಿನ ಹೆಸರು ಎಂಯುಸಿ2. ಐದು ಸಾವಿರಕ್ಕೂ ಹೆಚ್ಚು ಅಮೈನೋ ಆಮ್ಲಗಳ ಉದ್ದನೆಯ ಸರ. ಅದರ ಮೇಲೆ ಸಕ್ಕರೆಯ ಎಳೆಗಳು ಎಷ್ಟು ಒತ್ತಾಗಿ ಅಂಟಿರುತ್ತವೆ ಅಂದರೆ, ತೂಕದ ಬಹುಪಾಲು ಸಕ್ಕರೆಯದ್ದೇ. ಕೋಶದಿಂದ ಹೊರಬಿದ್ದ ತಕ್ಷಣ ನೀರು ಹೀರಿ ಉಬ್ಬಿ ಬಲೆಯಂತೆ ಹರಡಿಕೊಳ್ಳುತ್ತದೆ. ದೊಡ್ಡ ಕರುಳಿನಲ್ಲಿ ಈ ಲೋಳೆ ಎರಡು ಪದರವಾಗಿರುತ್ತದೆ. ಹೊರಗಿನದು ಸಡಿಲ, ಅಲ್ಲಿ ಬ್ಯಾಕ್ಟೀರಿಯಾ ಆರಾಮಾಗಿ ಇರುತ್ತವೆ. ಒಳಗಿನದು ಗಟ್ಟಿ, ಅದರಲ್ಲಿ ಬ್ಯಾಕ್ಟೀರಿಯಾ ಇಲ್ಲವೆನ್ನುವಷ್ಟು ಕಮ್ಮಿ. ಇದನ್ನು 2008ರಲ್ಲಿ ಸ್ವೀಡನ್‌ನ ಗುನ್ನಾರ್ ಹಾನ್ಸನ್ ಅವರ ತಂಡ ಇಲಿಗಳಲ್ಲಿ ತೋರಿಸಿತು. ಅಷ್ಟು ತಡವಾಗಿದ್ದಕ್ಕೆ ನಮ್ಮಂಥ ಲ್ಯಾಬುಗಳ ಪಾಲೂ ಇದೆ ಅನ್ನಿ. ತುಣುಕು ಕೆಡದಂತೆ ಇಡಲು ಬಳಸುವ ಮಾಮೂಲಿ ಫಾರ್ಮಲಿನ್‌ನಲ್ಲಿ ಹಾಕಿದರೆ ಲೋಳೆ ಕುಗ್ಗಿ ಕೊಚ್ಚಿಹೋಗುತ್ತದೆ. ನೀರಿಲ್ಲದ ಕಾರ್ನಾಯ್ ದ್ರಾವಣದಲ್ಲಿ ಹಾಕಿದರೆ ಮಾತ್ರ ಚೆನ್ನಾಗಿ ಉಳಿಯುತ್ತದೆ.

ಎಂಯುಸಿ2 ಇಲ್ಲದ ಇಲಿಗಳಿಗೆ ಬೇರೇನೂ ಮಾಡದಿದ್ದರೂ ತಾನಾಗಿಯೇ ಕೊಲೈಟಿಸ್ ಬರುತ್ತದೆ. ಬ್ಯಾಕ್ಟೀರಿಯಾ ನೇರವಾಗಿ ಕರುಳಿನ ಕೋಶಗಳನ್ನು ಮುಟ್ಟುತ್ತವೆ, ರೋಗನಿರೋಧಕ ವ್ಯವಸ್ಥೆ ಸುಮ್ಮನೆ ಇರುವುದಿಲ್ಲ.

ಗಾಬ್ಲೆಟ್ ಕೋಶಗಳು ಲೋಳೆಯ ಜೊತೆಗೆ ಇನ್ನೊಂದು ಪ್ರೋಟೀನನ್ನೂ ಬಿಡುತ್ತವೆ. ಅದು ಟಿಎಫ್‌ಎಫ್3, ಬರೀ 59 ಅಮೈನೋ ಆಮ್ಲಗಳ ಪುಟಾಣಿ. ಗಾಯ ಮಾಯುವ ವಿಷಯದಲ್ಲಿ ನನಗೆ ಬಹಳ ಇಷ್ಟವಾದದ್ದು ಇದೇ. ಒಳಪದರ ಸ್ವಲ್ಪ ಕಿತ್ತುಹೋದಾಗ ಹೊಸ ಕೋಶ ಹುಟ್ಟುವವರೆಗೂ ಕರುಳು ಕಾಯುವುದಿಲ್ಲ. ಗಾಯದ ಅಂಚಿನ ಕೋಶಗಳು ಚಪ್ಪಟೆಯಾಗಿ, ಪಕ್ಕದವುಗಳ ಹಿಡಿತ ಸಡಿಲಿಸಿ, ಸರಿದು ಬಂದು ಜಾಗ ಮುಚ್ಚುತ್ತವೆ. ಇದೆಲ್ಲ ಕೆಲವೇ ಗಂಟೆಗಳ ಕೆಲಸ. ಹೀಗೆ ಸರಿಯುವುದಕ್ಕೆ ನೆರವಾಗುವುದು, ಸರಿಯುವಾಗ ಕೋಶಗಳು ಸಾಯದಂತೆ ನೋಡಿಕೊಳ್ಳುವುದು ಟಿಎಫ್‌ಎಫ್3. 1996ರಲ್ಲಿ ಅಮೆರಿಕದ ಸಂಶೋಧಕರು ಈ ಪ್ರೋಟೀನ್ ಇಲ್ಲದ ಇಲಿಗಳಿಗೆ ಕರುಳು ಕೆರೆಯುವ ಡಿಎಸ್‌ಎಸ್ ಅನ್ನುವ ರಾಸಾಯನಿಕ ಕುಡಿಸಿದರು. ಮಾಮೂಲಿ ಇಲಿಗಳಿಗೆ ಸ್ವಲ್ಪವೇ ಗಾಯ ಮಾಡುವಂಥ ಪ್ರಮಾಣ ಅದು. ಈ ಇಲಿಗಳ ಗಾಯ ಮಾಯಲಿಲ್ಲ, ಕೊಲೈಟಿಸ್ ಹರಡಿ ಸತ್ತವು.

ಇದನ್ನು ಓದಿದ ಯಾರಿಗಾದರೂ ನಿಮ್ಮ ಪ್ರಶ್ನೆಯೇ ಬರುತ್ತದೆ. 2005ರಲ್ಲಿ ವರದಿಯಾದ ಸಣ್ಣ ಪ್ರಯೋಗವೊಂದರಲ್ಲಿ ಅಲ್ಸರೇಟಿವ್ ಕೊಲೈಟಿಸ್ ಇದ್ದವರಿಗೆ ಮೆಸಲಮೈನ್ ಅನ್ನುವ ಮಾಮೂಲಿ ಕೊಲೈಟಿಸ್ ಔಷಧಿಯ ಜೊತೆ ಟಿಎಫ್‌ಎಫ್3 ಎನಿಮಾ ಕೊಟ್ಟರು. ಹೆಚ್ಚಿನ ಲಾಭ ಕಾಣಲಿಲ್ಲ. ಐಎಲ್-10 ಕಥೆಯೂ ಹೀಗೇ. ಉರಿಯೂತಕ್ಕೆ ಬ್ರೇಕ್ ಹಾಕುವ ಪ್ರೋಟೀನ್ ಅದು. ಅದರ ಸಂದೇಶ ಹಿಡಿಯುವ ವ್ಯವಸ್ಥೆ ಹುಟ್ಟಿನಿಂದಲೇ ಕೆಟ್ಟಿರುವ ಮಕ್ಕಳಿಗೆ ಹಸುಗೂಸಿನಲ್ಲೇ ಕರುಳಿನ ತೀವ್ರ ಕಾಯಿಲೆ ಬರುತ್ತದೆ. ಆದರೂ ಕೊಲೈಟಿಸ್‌ನಂತೆಯೇ ಕರುಳಿನ ಉರಿಯೂತದ ಇನ್ನೊಂದು ಕಾಯಿಲೆಯಾದ ಕ್ರೋನ್ಸ್ ಇದ್ದವರಿಗೆ ಐಎಲ್-10 ಇಂಜೆಕ್ಷನ್ ಕೊಟ್ಟಾಗ ಹೇಳಿಕೊಳ್ಳುವಂಥ ಗುಣ ಕಾಣಲಿಲ್ಲ.

ಯಾಕೆ ಅಂದರೆ, ನನ್ನ ತಿಳಿವಳಿಕೆಯ ಪ್ರಕಾರ, ಈ ಪ್ರೋಟೀನ್‌ಗಳು ಸರಿಯಾದ ಜಾಗದಲ್ಲಿ, ಸರಿಯಾದ ಹೊತ್ತಿಗೆ, ಬಿಡದೆ ಒಸರುತ್ತಿರಬೇಕು. ಒಂದೊಂದೂ ಉಳಿದವುಗಳ ಜೊತೆ ಸೇರಿ ಕೆಲಸ ಮಾಡುತ್ತದೆ. ಗಾಬ್ಲೆಟ್ ಕೋಶಗಳೇ ಸೊರಗಿರುವಾಗ ಹೊರಗಿನಿಂದ ಒಂದನ್ನು ಮಾತ್ರ ಸುರಿದರೆ ಅದು ಎಲ್ಲಿ ನಿಲ್ಲಬೇಕು?

ಇನ್ನೊಂದು ತೊಡಕೂ ಇದೆ, ಜನ ಇದನ್ನು ಗಮನಿಸುವುದೇ ಕಮ್ಮಿ. ಉರಿಯೂತದ ಪ್ರೋಟೀನ್ ಎಲ್ಲಾ ಕೆಟ್ಟದ್ದು, ಮಾಯಿಸುವುದು ಎಲ್ಲಾ ಒಳ್ಳೆಯದು ಅಂತ ಭಾಗ ಮಾಡೋಕಾಗಲ್ಲ. ಐಎಲ್-17 ಉರಿಯೂತ ಹೆಚ್ಚಿಸುತ್ತದೆ ಅಂತ ಅದನ್ನು ತಡೆಯುವ ಸೆಕ್ಯುಕಿನುಮ್ಯಾಬ್ ಔಷಧಿಯನ್ನು ಕ್ರೋನ್ಸ್‌ಗೆ ಕೊಟ್ಟು ನೋಡಿದರು. ಗುಣವಾಗಲಿಲ್ಲ, ಕೆಲವರಿಗೆ ಕಾಯಿಲೆ ಜಾಸ್ತಿಯೇ ಆಯಿತು. ಅದೇ ಐಎಲ್-17 ಕರುಳಿನ ಕೋಶಗಳ ನಡುವಿನ ಬೆಸುಗೆಯನ್ನೂ ಕಾಯುತ್ತಿತ್ತು. ಐಎಲ್-22 ಇದಕ್ಕೆ ತಿರುವುಮುರುವು. ಕೋಶಗಳನ್ನು ಬೆಳೆಸಿ ಗಾಯ ಮಾಯಿಸುತ್ತದೆ, ಆದರೆ ಗಾಯ ಮಾಯ್ದ ಮೇಲೂ ಅದು ನಿಲ್ಲದಿದ್ದ ಇಲಿಗಳಲ್ಲಿ ಗೆಡ್ಡೆಗಳು ಬೆಳೆದಿವೆ. ನಿಮ್ಮ ತಂಗಿಯ ಮಲ ಪರೀಕ್ಷೆಯ ರಿಪೋರ್ಟಿನಲ್ಲಿ ಕ್ಯಾಲ್‌ಪ್ರೊಟೆಕ್ಟಿನ್ ಅಂತ ಇದ್ದರೆ ಅದೂ ಕಾಯುವ ಪ್ರೋಟೀನೇ, ಸತು ಮತ್ತು ಮ್ಯಾಂಗನೀಸ್ ಹಿಡಿದಿಟ್ಟು ಬ್ಯಾಕ್ಟೀರಿಯಾಗಳನ್ನು ಉಪವಾಸ ಕೆಡವುತ್ತದೆ. ಆದರೆ ಅದು ಜಾಸ್ತಿ ಇದ್ದರೆ ಖುಷಿಪಡುವಂತಿಲ್ಲ. ಬಿಳಿ ರಕ್ತಕಣಗಳು ಕರುಳಿಗೆ ನುಗ್ಗಿವೆ ಅಂತ ಅರ್ಥ.

ಸದ್ಯಕ್ಕೆ ದಾರಿ ಹಿಂದುಮುಂದಾಗಿದೆ. ಔಷಧಿಯಿಂದ ಉರಿಯೂತ ಇಳಿಸಿದರೆ ಗಾಬ್ಲೆಟ್ ಕೋಶಗಳು ಮರಳುತ್ತವೆ, ಅವೇ ಈ ಪ್ರೋಟೀನ್‌ಗಳನ್ನು ಮತ್ತೆ ತಯಾರಿಸುತ್ತವೆ. ಭೇದಿ, ರಕ್ತ ನಿಂತ ಮೇಲೂ ಸ್ಲೈಡಿನಲ್ಲಿ ಉರಿಯೂತ ಉಳಿದಿರುವುದನ್ನು ಎಷ್ಟೋ ಸಲ ನೋಡುತ್ತೇವೆ. ಆದ್ದರಿಂದ ಹುಷಾರಾದೆ ಅಂತ ತಂಗಿ ತಾವಾಗಿಯೇ ಮಾತ್ರೆ ಬಿಡದಿರಲಿ.

ಪ್ರೋಟೀನ್ ಪುಡಿ ಕುಡಿದರೆ ಆಗುತ್ತದಾ ಅಂತಲೂ ಕೇಳಿದ್ದಿರಿ. ಅದು ಜೀರ್ಣವಾಗಿ ಅಮೈನೋ ಆಮ್ಲವಾಗುತ್ತದೆ, ನೇರವಾಗಿ ಕರುಳಿನ ಲೋಳೆ ಆಗುವುದಿಲ್ಲ. ಆದರೆ ಕಾಯಿಲೆ ಜೋರಿದ್ದಾಗ ದೇಹಕ್ಕೆ ಪ್ರೋಟೀನ್ ಜಾಸ್ತಿ ಬೇಕು ಅನ್ನುವುದು ನಿಜ. ದಿನಕ್ಕೆ ಕಿಲೋ ತೂಕಕ್ಕೆ 1.2ರಿಂದ 1.5 ಗ್ರಾಂ ಅಂತ ಸಲಹೆ ಇದೆ. ಊಟದಲ್ಲೇ ಅಷ್ಟು ಸಿಗುತ್ತಿದೆಯಾ, ಪುಡಿ ಬೇಕಾ ಅಂತ ಡಾಕ್ಟರನ್ನೋ ಡಯಟಿಷಿಯನ್ನರನ್ನೋ ಕೇಳಿ.